ಬಾಬಿನ್ ಬಚ್ಚಿಟ್ಟ ಹುಡುಗಿ: ಮಗುವಿನ ಬಾಯಲ್ಲಿ ಸಣ್ಣಕತೆ ಹೇಳಿಸುವುದು ಹೇಗೆ

ಹಿಂದೆಲ್ಲ ಎಷ್ಟೋ ಮನೆಗಳಲ್ಲಿ ತಿಂಗಳಿಗೆ ಮೂರು ದಿನ ಅಮ್ಮ ಜಗಲಿಯ ಮೂಲೆಯಲ್ಲೋ ಹಿತ್ತಿಲ ಕೋಣೆಯಲ್ಲೋ ಕೂರುತ್ತಿದ್ದಳು. ಯಾಕೆ ಅಂತ ಮಗು ಕೇಳಿದರೆ ಸಿಗುತ್ತಿದ್ದ ಉತ್ತರ ಒಂದೇ: "ಅಮ್ಮನಿಗೆ ಕಾಗೆ ಮುಟ್ಟಿದೆ."

ಮಗು ಏನು ಮಾಡುತ್ತೆ? ಕಾಗೆಯನ್ನು ಹುಡುಕುತ್ತೆ. ಹಿತ್ತಿಲಿಗೆ ಹೋಗಿ ತೆಂಗಿನ ಮರದ ತಲೆ ನೋಡುತ್ತೆ. ಮುಂದಿನ ತಿಂಗಳು ಅಮ್ಮನನ್ನು ಕಾಯೋಕೆ ಅಂತ ಒಂದು ಕೋಲು ಹಿಡಿದು ಬಾಗಿಲಲ್ಲಿ ಕೂತರೂ ಕೂತಿತು.

ಮಗುವೇ ಹೇಳುವ ಕತೆಯ ಗುಟ್ಟು ಆ ಕೋಲಿನಲ್ಲಿದೆ. ದೊಡ್ಡವರು ಒಂದು ಮಾತು ಹೇಳಿದರು. ಮಗು ಅದನ್ನು ಪೂರ್ತಿ ನಂಬಿತು. ನಂಬಿದ್ದಕ್ಕೆ ತಕ್ಕ ಹಾಗೆ ಒಂದು ಕೆಲಸಕ್ಕೆ ಇಳಿಯಿತು. ಅದರ ಲೆಕ್ಕದಲ್ಲಿ ತಪ್ಪೇ ಇಲ್ಲ. ಕೈಗೆ ಕೊಟ್ಟ ಅಂಕಿಯೇ ತಪ್ಪು, ಅಷ್ಟೇ.

ಮಗುವಿನ ದನಿ ಅಂದರೆ ಸಣ್ಣ ಪದ, ತೊದಲು ಮಾತು, ಒಂದಿಷ್ಟು ಮುದ್ದು ಅಂದುಕೊಂಡು ಬರೆಯಲು ಕೂರುವವರು ಜಾಸ್ತಿ. ಅಂಥ ಕತೆ ಒಂದು ಪುಟ ದಾಟುವಷ್ಟರಲ್ಲಿ ಬೇಸರ ತರಿಸುತ್ತೆ. ಮಗು ದಡ್ಡ ಅಲ್ಲ. ಅದಕ್ಕೆ ಅದರದ್ದೇ ಕೆಲಸ, ಅದರದ್ದೇ ಲೆಕ್ಕ ಇದೆ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಸುಮ್ನೆ ಸೂತ್ರ ಹೇಳುವ ಬದಲು ಒಂದು ಕತೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗೋಣ.

ಕತೆ ಇದು. ಊರು ದಾವಣಗೆರೆ, ಕಾಟನ್ ಮಿಲ್ಲುಗಳ ಊರು. ಅಪ್ಪ ಕೆಲಸ ಮಾಡುತ್ತಿದ್ದ ಮಿಲ್ಲು ಮುಚ್ಚಿದೆ. ಅಮ್ಮ ಬ್ಲೌಸು ಹೊಲಿದು ಮನೆ ನಡೆಸುತ್ತಾಳೆ. ಸಾಲ ಬೆಳೆದು ಒಂದು ದಿನ ಆ ಹೊಲಿಗೆ ಮಿಷಿನ್ನನ್ನೂ ಮಾರಬೇಕಾಗುತ್ತೆ. ಹೇಳುವವಳು ಮಗಳು, ಸುಮಾ.

ಮೊದಲನೆಯದು: ಹೇಳುತ್ತಿರುವುದು ಯಾವಾಗ?

ಸುಮಾ ಇದನ್ನು ಯಾವಾಗ ಹೇಳುತ್ತಿದ್ದಾಳೆ? ಮಿಷಿನ್ನು ಹೋದ ವಾರವೋ, ಮೂವತ್ತು ವರ್ಷ ಕಳೆದ ಮೇಲೋ? ಒಂದು ಸಾಲು ಬರೆಯುವ ಮೊದಲು ಇದು ತೀರ್ಮಾನ ಆಗಬೇಕು.

ಮೂವತ್ತು ವರ್ಷದ ನಂತರ ಅಂದರೆ ಅದು ದೊಡ್ಡ ಹೆಂಗಸಿನ ದನಿ. ಅವಳಿಗೆ ದೊಡ್ಡ ಪದ ಇದೆ, ತೀರ್ಪು ಇದೆ, ನೆನಪಿನ ನೋವಿದೆ. ಆ ವಾರವೇ ಅಂದರೆ ಅವಳಿಗೆ ಕಣ್ಣಿಗೆ ಕಂಡದ್ದು ಬಿಟ್ಟು ಬೇರೇನೂ ಇಲ್ಲ. ಎರಡರಲ್ಲೂ ಒಳ್ಳೆಯ ಕತೆಗಳು ಬಂದಿವೆ. ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿದಾಗ ಕತೆ ಕೆಡುತ್ತೆ. "ಅಪ್ಪಾಜಿ ನಂಗೆ ಪೆಪ್ಪರ್ಮೆಂಟು ಕೊಡಿಸಿದ್ರು, ಆದರೆ ಅವರ ನಗೆಯ ಹಿಂದೆ ಒಂದು ಅಸಹಾಯಕತೆ ಇತ್ತು." ಇದರ ಮೊದಲ ಅರ್ಧ ಮಗುವಿನದು. ಎರಡನೆಯ ಅರ್ಧ ಮೇಜಿನ ಮುಂದೆ ಕೂತ ಲೇಖಕರದು. ಓದುವವರು ಆ ಹೊಲಿಗೆಯನ್ನು ತಕ್ಷಣ ಗುರುತು ಹಿಡಿಯುತ್ತಾರೆ.

ನಡುವಿನ ದಾರಿಯೂ ಒಂದಿದೆ, ಅದು ಕಷ್ಟದ್ದು. ಇಸ್ಮತ್ ಚುಗ್ತಾಯಿ ಅವರ ಉರ್ದು ಕತೆ 'ಲಿಹಾಫ್' (ಅಂದರೆ ರಜಾಯಿ) 1942ರಲ್ಲಿ ಪ್ರಕಟವಾಯಿತು. ದೊಡ್ಡವಳೊಬ್ಬಳು ಚಳಿಗಾಲದ ರಜಾಯಿಯ ನೆನಪಿನಿಂದ ಕತೆ ಶುರು ಮಾಡುತ್ತಾಳೆ. ಒಳಗೆ ಹೋದಂತೆ ಪುಟ್ಟ ಹುಡುಗಿಯ ಕಣ್ಣೇ ಕತೆಯನ್ನು ನಡೆಸುತ್ತೆ. ಈ ದಾರಿ ಹಿಡಿದರೆ ಒಳಕ್ಕೆ ಹೋಗುವ ಬಾಗಿಲು ಯಾವುದು ಅಂತ ನಿಮಗೆ ಸ್ಪಷ್ಟವಾಗಿ ಗೊತ್ತಿರಬೇಕು. ಮೊದಲ ಸಲ ಬರೆಯುವವರಿಗೆ ನನ್ನ ಸಲಹೆ: ಎಂಟು ಹತ್ತು ಪುಟದ ಕತೆಗೆ ಒಂದೇ ದೂರ ಸಾಕು. ಸುಮಾಳಿಗೆ ನಾನು ಆ ವಾರವನ್ನೇ ಕೊಡುತ್ತೇನೆ.

ಎರಡನೆಯದು: ವಯಸ್ಸನ್ನು ಅಂಕಿಯಲ್ಲಿ ಬರೆದಿಡಿ

'ಚಿಕ್ಕ ಹುಡುಗಿ' ಅಂದರೆ ಸಾಲದು. ನಾಲ್ಕು, ಏಳು, ಹನ್ನೊಂದು, ಇವು ಮೂರು ಬೇರೆ ಬೇರೆ ಲೋಕ.

1985ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪರೀಕ್ಷೆ ಇದೆ. ಸ್ಯಾಲಿ, ಆನ್ ಅಂತ ಎರಡು ಗೊಂಬೆ. ಸ್ಯಾಲಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಆನ್ ಅದನ್ನು ಪೆಟ್ಟಿಗೆಗೆ ದಾಟಿಸುತ್ತಾಳೆ. ಸ್ಯಾಲಿ ಬಂದು ಎಲ್ಲಿ ಹುಡುಕುತ್ತಾಳೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಪೆಟ್ಟಿಗೆ ಅನ್ನುತ್ತವೆ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿದೆ ಅಂತಲೇ ಆ ವಯಸ್ಸಿನ ನಂಬಿಕೆ. ನಾಲ್ಕು ದಾಟಿದ ಮೇಲೆ ಹೆಚ್ಚಿನ ಮಕ್ಕಳು ಬುಟ್ಟಿ ಅನ್ನತೊಡಗುತ್ತವೆ.

ಕತೆಗಾರರಿಗೆ ಇದರಿಂದ ಏನು ಲಾಭ? ತುಂಬಾ ಇದೆ. ಮೂರು ವರ್ಷದ ಮಗುವಿನ ಕೈಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಏಳು ವರ್ಷದ ಮಗುವಿನ ಕೈಯಲ್ಲಿ ನಿಲ್ಲುತ್ತೆ, ಒಳಗೇ ಕುದಿಯುತ್ತೆ. ನಿಮ್ಮ ಕತೆಗೆ ಗುಟ್ಟು ಬೇಕಿದ್ದರೆ ವಯಸ್ಸು ಅಲ್ಲೇ ಅರ್ಧ ತೀರ್ಮಾನ ಆಯಿತು.

ಮಕ್ಕಳ ಮನಶ್ಶಾಸ್ತ್ರಜ್ಞ ಪಿಯಾಜೆಯ ನೀರಿನ ಲೋಟದ ಪ್ರಯೋಗವೂ ಹಾಗೇ. ಅಗಲ ಲೋಟದ ನೀರನ್ನು ಕಣ್ಣೆದುರಿಗೇ ಸಪೂರ ಲೋಟಕ್ಕೆ ಸುರಿದರೂ ಐದು ವರ್ಷದ ಮಗು "ಇದರಲ್ಲಿ ಜಾಸ್ತಿ" ಅನ್ನುತ್ತೆ. ಏಳರ ಹೊತ್ತಿಗೆ ಈ ತಿಳುವಳಿಕೆ ಬದಲಾಗುತ್ತೆ. ಅಂದರೆ ನಿಮ್ಮ ಐದರ ನಿರೂಪಕಿಗೆ ಒಂದು ಐವತ್ತು ಪೈಸೆಗಿಂತ ನಾಲ್ಕು ಹತ್ತು ಪೈಸೆಯೇ ದೊಡ್ಡ ದುಡ್ಡು. ಅಣ್ಣ ಅವಳಿಗೆ ಮೋಸ ಮಾಡಬಹುದು. ಅವಳು ಖುಷಿಯಿಂದಲೇ ಮೋಸ ಹೋಗಬಹುದು.

ಕಾಲದ ಲೆಕ್ಕವನ್ನೂ ನೋಡಿಕೊಳ್ಳಿ. ಸಣ್ಣ ಮಕ್ಕಳಿಗೆ ಕಳೆದದ್ದೆಲ್ಲ ನಿನ್ನೆ, ಬರುವುದೆಲ್ಲ ನಾಳೆ. ಏಳರ ಸುಮಾಳಿಗೆ ತಾರೀಖು ಗೊತ್ತು, ಆದರೆ ಅದರ ತೂಕ ಗೊತ್ತಿಲ್ಲ. 'ಜೂನ್ ತಿಂಗಳು' ಅನ್ನುವುದಕ್ಕಿಂತ 'ಹೊಸ ಪುಸ್ತಕಕ್ಕೆ ಬೈಂಡು ಹಾಕಿದ ಮೇಲೆ' ಅನ್ನುವುದು ಅವಳಿಗೆ ಸಲೀಸು.

ಮೂರನೆಯದು: ಮಗುವಿಗೆ ಅದರದ್ದೇ ಕೆಲಸ ಕೊಡಿ

ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದು. ಇದನ್ನೇ ಬಿಟ್ಟುಬಿಡುವವರು ಜಾಸ್ತಿ.

ದೊಡ್ಡವರ ಕಷ್ಟ ತೋರಿಸಬೇಕು, ಅದಕ್ಕೆ ಒಂದು ಮಗುವನ್ನು ಕ್ಯಾಮೆರಾ ಹಾಗೆ ಮೂಲೆಯಲ್ಲಿ ನಿಲ್ಲಿಸಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಯಾವ ಮಗುವೂ ಸುಮ್ಮನೆ ಮೂಲೆಯಲ್ಲಿ ನಿಂತು ಅಪ್ಪ ಅಮ್ಮನನ್ನು ನೋಡುತ್ತಿರುವುದಿಲ್ಲ. ಅದಕ್ಕೆ ಪುರುಸೊತ್ತಿಲ್ಲ. ಅದರ ಗೋಲಿ ಕಳೆದಿದೆ. ಪಕ್ಕದ ಮನೆಯ ಹುಡುಗಿ ಟೂ ಬಿಟ್ಟಿದ್ದಾಳೆ. ನಾಳೆ ಮಗ್ಗಿ ಒಪ್ಪಿಸಬೇಕು. ದೊಡ್ಡವರ ಕತೆ ಈ ಕೆಲಸಕ್ಕೆ ಅಡ್ಡ ಬಂದಾಗ ಮಾತ್ರ ಮಗು ತಲೆ ಎತ್ತಿ ನೋಡುತ್ತೆ. ಆ ನೋಟವೇ ನಿಮ್ಮ ಕತೆ.

'ಲಿಹಾಫ್' ಕತೆಯಲ್ಲಿ ಹುಡುಗಿ ಬೇಗಂ ಜಾನ್ ಎಂಬ ಶ್ರೀಮಂತ ಹೆಂಗಸಿನ ಮನೆಗೆ ಬರುವುದಕ್ಕೂ ಒಂದು ಕಾರಣ ಇದೆ. ಅವಳು ಯಾವಾಗಲೂ ಅಣ್ಣತಮ್ಮಂದಿರ ಜೊತೆ ಜಗಳ ಕಾಯುತ್ತಾಳೆ. ಅದಕ್ಕೇ ಅಮ್ಮ ಊರಿಗೆ ಹೋಗುವಾಗ ಅವಳನ್ನು ಅಲ್ಲಿ ಬಿಡುತ್ತಾಳೆ. ಯು.ಆರ್. ಅನಂತಮೂರ್ತಿ ಅವರ 'ಘಟಶ್ರಾದ್ಧ'ದ ಹುಡುಗ ವೇದ ಕಲಿಯಲು ಮನೆ ಬಿಟ್ಟು ಬಂದವನು. ಅವನಿಗೆ ಮನೆಯ ನೆನಪು ಕಾಡುತ್ತೆ. ಯಮುನಕ್ಕ ಅವನನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಾಳೆ. ಹಾಗಾಗಿ ಅಗ್ರಹಾರ ಆ ವಿಧವೆಯನ್ನು ಬದುಕಿರುವಾಗಲೇ ಸತ್ತವಳೆಂದು ಲೆಕ್ಕ ಹಾಕುವುದು ಅವನ ಪಾಲಿಗೆ ಬರೀ ಸಮಾಜದ ಸುದ್ದಿಯಲ್ಲ. ಅವನಿಗೆ ಇದ್ದ ಒಬ್ಬಳೇ ಅಕ್ಕ ಹೋಗುತ್ತಿದ್ದಾಳೆ. ಹುಡುಗನಿಗೆ ಕಳೆದುಕೊಳ್ಳುವುದು ಏನೂ ಇರದಿದ್ದರೆ ಆ ಕತೆ ಅಷ್ಟು ನೋಯಿಸುತ್ತಿತ್ತಾ?

ಈಗ ಸುಮಾಳಿಗೆ ಒಂದು ಕೆಲಸ ಕೊಡೋಣ. ಮಿಷಿನ್ನಿನ ಡ್ರಾಯರಿನಲ್ಲಿ ಬಾಬಿನ್ನುಗಳಿವೆ. ಒಂದಕ್ಕೆ ನೀಲಿ ದಾರ ಸುತ್ತಿದೆ. ಅವಳಿಗೆ ಅದರ ಮೇಲೆ ಆಸೆ. ಬುಗುರಿಯ ಹಾಗೆ ತಿರುಗುತ್ತೆ. ಒಂದು ದಿನ ಕದ್ದು ಜೇಬಿಗೆ ಹಾಕಿಕೊಳ್ಳುತ್ತಾಳೆ. ಮಾರನೇ ದಿನವೇ ಇಬ್ಬರು ಗಂಡಸರು ಬಂದು ಮಿಷಿನ್ನು ಹೊತ್ತುಕೊಂಡು ಹೋಗುತ್ತಾರೆ.

ಸುಮಾಳ ಲೆಕ್ಕ ಸುಲಭ. ಬಾಬಿನ್ನು ಇಲ್ಲದೆ ಮಿಷಿನ್ನು ಕೆಟ್ಟಿತು. ಕೆಟ್ಟಿದ್ದಕ್ಕೆ ಒಯ್ದರು. ಕೆಡಿಸಿದ್ದು ನಾನು.

ನೋಡಿ, ಕತೆ ಈಗ ತಾನಾಗಿ ಓಡತೊಡಗಿತು. ಮನೆಯಲ್ಲಿ ಏನು ಕೆಟ್ಟದಾದರೂ ಅದು ತನ್ನಿಂದಲೇ ಆಯಿತು ಅಂತ ಮಕ್ಕಳು ಅಂದುಕೊಳ್ಳುವುದು ನಾವು ನೀವೆಲ್ಲ ಪಟ್ಟ ಅನುಭವ. ಬಾಗಿಲು ಹಾಕಿಕೊಂಡು ಅಮ್ಮ ಅತ್ತರೆ, ಬೆಳಗ್ಗೆ ತಾನು ಹಾಲು ಚೆಲ್ಲಿದ್ದಕ್ಕೇ ಇರಬೇಕು ಅಂತ ಮಗು ಎಣಿಸುತ್ತೆ. ಈ ತಪ್ಪು ಕಾರಣ ಸಿಕ್ಕರೆ ಕತೆಯ ಬೆನ್ನೆಲುಬು ಸಿಕ್ಕ ಹಾಗೆ.

ನಾಲ್ಕನೆಯದು: ಮೂರು ಸಾಲಿನ ಲೆಕ್ಕ

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ದೃಶ್ಯಕ್ಕೂ ಮೂರು ಸಾಲು ಬರೆಯಿರಿ. ಮಗು ಕಂಡದ್ದು ಏನು. ಮಗು ಅಂದುಕೊಂಡದ್ದು ಏನು. ಓದುವವರಿಗೆ ತಿಳಿಯುವುದು ಏನು.

ಸುಮಾ ಕಂಡದ್ದು: ಗಂಡಸರು ಹೋದ ಮೇಲೆ ಅಪ್ಪಾಜಿ ನೋಟು ಎಣಿಸಿದರು, ಎರಡು ಸಲ. ಅಂದುಕೊಂಡದ್ದು: ರಿಪೇರಿಗೆ ಒಯ್ಯುವವರೇ ದುಡ್ಡು ಕೊಡುತ್ತಾರೆ, ಒಳ್ಳೆಯವರು. ಓದುವವರಿಗೆ ತಿಳಿದದ್ದು: ಮಾರಿದರು.

ಮೂರನೆಯ ಸಾಲು ಕತೆಯಲ್ಲಿ ಎಲ್ಲೂ ಬರಬಾರದು. ಒಂದೇ ಒಂದು ಸಲವೂ ಬರಬಾರದು. ಎರಡನೆಯ ಸಾಲು ಆಗಾಗ ಬಂದರೆ ಸಾಕು. ಕತೆಯನ್ನು ಹೊರುವುದು ಮೊದಲನೆಯ ಸಾಲು.

ಎರಡನೆಯ ಮತ್ತು ಮೂರನೆಯ ಸಾಲು ಒಂದೇ ಆಗಿದ್ದರೆ ಆ ದೃಶ್ಯಕ್ಕೆ ಮಗು ಬೇಕಾಗಿಯೇ ಇಲ್ಲ, ದೊಡ್ಡವರೇ ಹೇಳಬಹುದು. ಎರಡರ ನಡುವೆ ಓದುವವರು ದಾಟಲಾರದಷ್ಟು ದೂರ ಇದ್ದರೆ ಅದು ಒಗಟು. ಹದ ಸಿಗುವುದು ಮೊದಲ ಸಾಲಿನ ವಿವರದಲ್ಲಿ. ನೋಟು ಎಣಿಸಿದ್ದನ್ನು ಬಿಟ್ಟಿದ್ದರೆ ಓದುವವರೂ ಸುಮಾಳ ಜೊತೆ ರಿಪೇರಿ ಅಂತಲೇ ನಂಬುತ್ತಿದ್ದರು.

ವೇನ್ ಬೂತ್ ಎಂಬ ವಿಮರ್ಶಕ 1961ರಲ್ಲಿ ನಂಬಲಾಗದ ನಿರೂಪಕ ಎಂಬ ಮಾತನ್ನು ಚಲಾವಣೆಗೆ ತಂದರು. ಮಗುವನ್ನೂ ಆ ಗುಂಪಿಗೆ ಸೇರಿಸುವುದುಂಟು. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಮಗು ಕಂಡದ್ದನ್ನು ನಾವು ಪೂರ್ತಿ ನಂಬಬಹುದು. ಅದು ಹೇಳುವ ಕಾರಣವನ್ನು ಮಾತ್ರ ನಾವು ತಿದ್ದಿಕೊಳ್ಳಬೇಕು.

'ಲಿಹಾಫ್' ಮೇಲೆ ಅಶ್ಲೀಲತೆಯ ಆರೋಪ ಬಂತು. ಚುಗ್ತಾಯಿ ಲಾಹೋರಿನ ಕೋರ್ಟಿಗೆ ಹೋಗಬೇಕಾಯಿತು. ಕತೆಯಲ್ಲಿ ಅಶ್ಲೀಲವಾದ ಪದ ಯಾವುದು ಅಂತ ತೋರಿಸಲು ಆಗಲಿಲ್ಲ. ಖಟ್ಲೆ ಬಿದ್ದುಹೋಯಿತು. ಎಲ್ಲಿಂದ ಸಿಗಬೇಕು ಹೇಳಿ? ಆ ಹುಡುಗಿಗೆ ಆ ಪದಗಳೇ ಗೊತ್ತಿಲ್ಲ. ಅವಳು ಕಂಡದ್ದು ಗೋಡೆಯ ಮೇಲೆ ಆನೆಯ ಹಾಗೆ ಅಲುಗಾಡುವ ರಜಾಯಿಯ ನೆರಳು. ಅವಳು ಬರೀ ಹೆದರಿದಳು. ತಿಳಿಯಬೇಕಾದದ್ದು, ಅಂದರೆ ಬೇಗಂ ಜಾನ್ ಮತ್ತು ಅವಳ ಸೇವಕಿಯ ನಡುವಿನ ದೇಹಸಂಬಂಧ, ಓದಿದವರಿಗೆಲ್ಲ ತಿಳಿಯಿತು. ಮೊದಲನೆಯ ಸಾಲಿನ ಬಲ ಅಷ್ಟಿದೆ.

ಐದನೆಯದು: ಮಗು ಎಲ್ಲಿ ಕೂತಿದೆ?

ದೊಡ್ಡವರ ಮಾತು ಮಗುವಿನ ಕಿವಿಗೆ ಹೇಗೆ ಬಿತ್ತು? ಇದನ್ನು ಪ್ರತಿ ಸಲ ಕೇಳಿಕೊಳ್ಳಿ. ಸಾಲದ ಮಾತನ್ನು ಮಗಳ ಮುಂದೆ ಕೂತು ಯಾರೂ ಪೂರ್ತಿ ವಿವರಿಸುವುದಿಲ್ಲ. ಅವಳು ಮಂಚದ ಕೆಳಗಿದ್ದಾಳೆ. ನಿದ್ದೆ ಬಂದವಳ ಹಾಗೆ ಮಲಗಿದ್ದಾಳೆ. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದಿನಲ್ಲಿ ಅರ್ಧ ಕೇಳಿಸಿಕೊಂಡಿದ್ದಾಳೆ. ಅರ್ಧ ಮಾತು ಪೂರ್ತಿ ಮಾತಿಗಿಂತ ಒಳ್ಳೆಯದು.

ಮಂಚದ ಕೆಳಗಿನಿಂದ ಮುಖ ಕಾಣುವುದಿಲ್ಲ, ಕಾಲು ಕಾಣುತ್ತೆ. ಹಾಗಾದರೆ ಜಗಳವನ್ನು ಕಾಲಲ್ಲೇ ಬರೆಯಿರಿ. ಅಪ್ಪಾಜಿಯ ಹೆಬ್ಬೆರಳು ನೆಲ ಒತ್ತುತ್ತಿತ್ತು. ಅಮ್ಮನ ಕಾಲುಂಗುರ ಅಲ್ಲಾಡಲೇ ಇಲ್ಲ.

ನಮ್ಮ ಕಡೆ ಇನ್ನೊಂದು ವಿಶೇಷ ಇದೆ. ಮಕ್ಕಳಿಗೆ ಗೊತ್ತಾಗಬಾರದು ಅಂದಾಗ ದೊಡ್ಡವರು ಭಾಷೆ ಬದಲಾಯಿಸುತ್ತಾರೆ. ಕನ್ನಡದಿಂದ ತೆಲುಗಿಗೆ, ಕೊಂಕಣಿಯಿಂದ ಕನ್ನಡಕ್ಕೆ, ಯಾವುದರಿಂದಲೂ ಇಂಗ್ಲಿಷಿಗೆ. ಅಮೆರಿಕದಲ್ಲಿ ಬೆಳೆಯುವ ಎಷ್ಟೋ ಕನ್ನಡದ ಮಕ್ಕಳಿಗೆ ಇದು ತಿರುಗಾಮುರುಗಾ, ಅಲ್ಲಿ ಗುಟ್ಟಿನ ಭಾಷೆ ಕನ್ನಡವೇ. ಭಾಷೆ ಬದಲಾದ ಕೂಡಲೇ ಮಗುವಿಗೆ ಒಂದು ವಿಷಯ ಖಚಿತವಾಗಿ ಗೊತ್ತಾಗುತ್ತೆ: ಇದು ನನ್ನ ಬಗ್ಗೆ, ಇಲ್ಲವೇ ದುಡ್ಡಿನ ಬಗ್ಗೆ.

ಆರನೆಯದು: ಯಾವ ಕನ್ನಡ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಮಗುವಿನ ದನಿಗೆ ಕನ್ನಡ ಕೊಡುವ ಸಲಕರಣೆಗಳನ್ನು ನಾವು ಪೂರ್ತಿ ಬಳಸುತ್ತಿಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತೆ.

ಮೊದಲು 'ಅಂತೆ'. ಈ ಎರಡಕ್ಷರ ಇರುವಾಗ ಕನ್ನಡದ ಕತೆಗಾರರಿಗೆ ಬಡತನವೇ ಇಲ್ಲ. ಕಂಡದ್ದು ಬೇರೆ, ಕೇಳಿದ್ದು ಬೇರೆ ಅಂತ ನಮ್ಮ ಕ್ರಿಯಾಪದವೇ ಹೇಳಿಬಿಡುತ್ತೆ. "ಅಜ್ಜ ಊರಿಗೆ ಹೋದ." "ಅಜ್ಜ ಊರಿಗೆ ಹೋದನಂತೆ." ಎರಡನೆಯ ವಾಕ್ಯದಲ್ಲಿ ಇನ್ನೊಬ್ಬರು ಬಂದು ನಿಂತರು. ಯಾರೋ ಹೇಳಿದ್ದಾರೆ, ಮಗು ಅದನ್ನು ನಂಬಿರಬಹುದು, ನಂಬದೆಯೂ ಇರಬಹುದು. 'ಎಂದು ಹೇಳಲಾಯಿತು' ಅಂತ ಉದ್ದಕ್ಕೆ ಎಳೆಯುವ ಗೋಜೇ ಇಲ್ಲ. ಸುಮಾಳ ಕತೆಯಲ್ಲಿ "ರಿಪೇರಿಗಂತೆ" ಅನ್ನುವ ಒಂದೇ ಪದ ಅಪ್ಪನ ಸುಳ್ಳನ್ನೂ ಮಗಳ ಅನುಮಾನವನ್ನೂ ಒಟ್ಟಿಗೆ ಹೊರುತ್ತೆ. ಆದರೆ ಪ್ರತಿ ಸಾಲಿಗೂ ಹಾಕಬೇಡಿ. ಸುಳ್ಳು ಇರುವ ಕಡೆ ಇಡಿ.

ಆಮೇಲೆ ಏಕವಚನ, ಬಹುವಚನ. ಮಗು ಯಾರನ್ನು 'ಬಂದ್ರು' ಅನ್ನುತ್ತೆ, ಯಾರನ್ನು 'ಬಂದಳು' ಅನ್ನುತ್ತೆ? ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪ ಬರುತ್ತಾರೆ, ಅಮ್ಮ ಬರುತ್ತಾಳೆ. ಮನೆಗೆಲಸದ ವಯಸ್ಸಾದ ಹೆಂಗಸಿಗೆ ಮಗು ಏನನ್ನುತ್ತೆ ಅನ್ನುವುದರಲ್ಲಿ ಆ ಮನೆಯ ಜಾತಿ, ದುಡ್ಡು ಎಲ್ಲ ಬರುತ್ತೆ. ಇದನ್ನು ಕತೆಯ ಘಟನೆಯಾಗಿಯೂ ಬಳಸಬಹುದು. ಸುಮಾಳ ಅಜ್ಜಿ, ಅಂದರೆ ಅಮ್ಮನ ಅಮ್ಮ, ಯಾವಾಗಲೂ ಅಳಿಯನನ್ನು 'ಅವರು' ಅನ್ನುವವಳು. ಮಿಷಿನ್ನು ಹೋದ ಮೇಲೆ ಊರಿಂದ ಬರುತ್ತಾಳೆ. "ಅಜ್ಜಿ ಅಪ್ಪಾಜಿನ 'ಅವನು' ಅಂದಳು. ಅಪ್ಪಾಜಿ ಅಲ್ಲೇ ಇದ್ರು. ಯಾರೂ ಬೈಲಿಲ್ಲ." ಮರ್ಯಾದೆ ಹೋಯಿತು ಅಂತ ಒಂದು ಪುಟ ಬರೆದರೂ ಇಷ್ಟು ಬರುವುದಿಲ್ಲ.

ನುಡಿಗಟ್ಟುಗಳೂ ಇವೆ. ಕಾಗೆ ಮುಟ್ಟಿದ ಮಾತು ಹೇಳಿದೆನಲ್ಲ, ಹಾಗೇ. ಹೊಟ್ಟೆ ಉರಿ, ತಲೆ ಮೇಲೆ ಸಾಲ, ಕೈ ಬಿಟ್ಟ, ಮನೆ ಮುಳುಗಿತು. ದೊಡ್ಡವರು ಯೋಚಿಸದೆ ಆಡುವ ಈ ಮಾತುಗಳನ್ನು ಮಗು ಅಕ್ಷರಕ್ಕೆ ಅಕ್ಷರ ಕೇಳಿಸಿಕೊಳ್ಳುತ್ತೆ. ಆದರೆ ಇಲ್ಲಿ ವಯಸ್ಸು ನೆನಪಿರಲಿ. ಐದರ ಮಗು 'ಮನೆ ಮುಳುಗಿತು' ಕೇಳಿ ನೀರು ಹುಡುಕಬಹುದು. ಹತ್ತರ ಮಗು ಹುಡುಕಿದರೆ ಅದು ಲೇಖಕರ ಚೇಷ್ಟೆ. ಒಂದು ಕತೆಗೆ ಇಂಥದ್ದು ಒಂದೇ ಸಾಕು. ಎರಡಾದರೆ ತಮಾಷೆಯ ಪುಸ್ತಕದ ಹಾಗಾಗುತ್ತೆ.

ಹೋಲಿಕೆಗಳನ್ನು ಮಗು ಮುಟ್ಟಿದ ವಸ್ತುಗಳಿಂದ ಮಾತ್ರ ತೆಗೆಯಿರಿ. ಸುಮಾಳ ಲೋಕದಲ್ಲಿ ಸಾಗರ ಇಲ್ಲ, ಮರುಭೂಮಿ ಇಲ್ಲ. ಬಟನ್ನು, ಸೀಮೆಸುಣ್ಣ, ಮಂಡಕ್ಕಿ, ಮಿಲ್ಲಿನ ಸೈರನ್ನು ಇವೆ. "ಅಪ್ಪಾಜಿಯ ಮುಖ ಒದ್ದೆ ಸ್ಲೇಟಿನ ಹಾಗಿತ್ತು." ಅಷ್ಟೇ. ಅನುಕರಣೆಯ ಪದಗಳಂತೂ ನಮ್ಮಲ್ಲಿ ಧಾರಾಳ ಇವೆ. ಟಕಟಕ, ಚುರುಚುರು, ಜುಳುಜುಳು. ಮಿಷಿನ್ನಿನ ಸದ್ದಿಗೆ ಸುಮಾ ತನ್ನದೇ ಒಂದು ಪದ ಕಟ್ಟಿಕೊಂಡಿರಲಿ. ಅದು ಮನೆಯಿಂದ ಹೋದಾಗ ಆ ಪದವೂ ಕತೆಯಿಂದ ಹೋಗಲಿ. ಹೋಯಿತು ಅಂತ ನೀವು ಹೇಳಬೇಡಿ.

ಊರಿನ ಮಾತು ಎಷ್ಟು ಇರಬೇಕು? ಧಾರವಾಡದ ಮಗು 'ಏನ್ ಮಾಡಾಕತ್ತೀ' ಅಂದರೆ ಸೊಗಸು. ನಿಮಗೆ ಆ ಮಾತು ಬಾರದಿದ್ದರೆ ದಯವಿಟ್ಟು ಮುಟ್ಟಬೇಡಿ. ನೀವು ಆಡಿ ಬೆಳೆದ ಕನ್ನಡದಲ್ಲೇ ಬರೆಯಿರಿ. ನಿರೂಪಣೆಯಲ್ಲಿ ಆಡುಮಾತಿನ ಎಳೆ ಇದ್ದರೆ ಸಾಕು, ಸಂಭಾಷಣೆಯಲ್ಲಿ ಪೂರ್ತಿ ಬಿಡಿ. ಇವತ್ತಿನ ಬೆಂಗಳೂರಿನ ಮಗು 'ಮಿಸ್ ಹೋಮ್‌ವರ್ಕ್ ಕೊಟ್ರು' ಅನ್ನುತ್ತೆ. ಅದರ ಬಾಯಿಗೆ 'ಗುರುಗಳು ಮನೆಗೆಲಸ ನೀಡಿದರು' ಅಂತ ತುರುಕಿದರೆ ಮಗು ಅಲ್ಲೇ ಸತ್ತಿತು.

ಇನ್ನು 'ರ' ಬದಲು 'ಲ' ಬರೆಯುವ ತೊದಲು. ನನ್ನ ಪ್ರಕಾರ ಸಂಭಾಷಣೆಯಲ್ಲಿ ಒಂದೆರಡು ಸಲ ಬಂದರೆ ಸರಿ. ನಿರೂಪಣೆಯಲ್ಲಿ ಬೇಡವೇ ಬೇಡ. ಯಾವ ಮಗುವಿಗೂ ತನ್ನ ತೊದಲು ತನಗೆ ಕೇಳಿಸುವುದಿಲ್ಲ.

ಒಂದು ಕೆಟ್ಟ ಕರಡು, ಒಂದು ತಿದ್ದಿದ ಕರಡು

ಮೊದಲು ಹೀಗೆ ಬರೆದೆವು ಅಂತಿಟ್ಟುಕೊಳ್ಳಿ:

"ಅಂದು ಅಪ್ಪನ ಮುಖದಲ್ಲಿ ಹತಾಶೆ ಮಡುಗಟ್ಟಿತ್ತು. ಸಾಲದ ಶೂಲಕ್ಕೆ ಸಿಕ್ಕ ಅಮ್ಮ ತನ್ನ ಪ್ರೀತಿಯ ಹೊಲಿಗೆ ಯಂತ್ರವನ್ನು ಮೌನವಾಗಿ ಬೀಳ್ಕೊಟ್ಟಳು. ನನ್ನ ಪುಟ್ಟ ಮನಸ್ಸಿಗೆ ಏನೂ ಅರ್ಥವಾಗಲಿಲ್ಲ."

ಇದರಲ್ಲಿ ಸುಮಾ ಇಲ್ಲವೇ ಇಲ್ಲ. 'ಪುಟ್ಟ ಮನಸ್ಸು' ಅಂತ ಯಾವ ಮಗುವೂ ತನ್ನ ಬಗ್ಗೆ ಹೇಳಿಕೊಳ್ಳುವುದಿಲ್ಲ. ಈಗ ಇನ್ನೊಂದು ಸಲ:

"ಮಿಷಿನ್ನು ಹೋಗೋ ಮುಂಚೆ ಅಮ್ಮ ಅದಕ್ಕೆ ಅಂಟಿದ್ದ ದಾರದ ಚೂರೆಲ್ಲ ತೆಗೆದಳು. ಒಂದೊಂದೇ ತೆಗೆದಳು. ಹೊತ್ತುಕೊಂಡು ಹೋಗೋರು ಇಬ್ಬರು ಬಾಗಿಲಲ್ಲಿ ನಿಂತಿದ್ರು. ಒಬ್ಬನ ಚಪ್ಪಲಿ ಕಿತ್ತಿತ್ತು, ಪಿನ್ನು ಹಾಕಿದ್ದ. ರಿಪೇರಿಗಂತೆ. ಅಪ್ಪಾಜಿ ಹೇಳಿದ್ರು. ನಾನು ಜೇಬಲ್ಲಿ ಬಾಬಿನ್ನು ಗಟ್ಟಿ ಹಿಡ್ಕೊಂಡೆ. ಈಗ ಕೊಟ್ಟರೆ ಗೊತ್ತಾಗಿಬಿಡುತ್ತೆ. ಕೊಡದಿದ್ರೆ ರಿಪೇರಿ ಆಗಲ್ಲ."

ಪಿನ್ನು ಹಾಕಿದ ಚಪ್ಪಲಿಗೂ ಕತೆಗೂ ಏನು ಸಂಬಂಧ? ಏನೂ ಇಲ್ಲ. ಅದಕ್ಕೇ ಅದು ಅಲ್ಲಿರಬೇಕು. ಮಗುವಿನ ಕಣ್ಣಿಗೆ ಮುಖ್ಯ ಯಾವುದು, ಅಮುಖ್ಯ ಯಾವುದು ಅಂತ ಇನ್ನೂ ಯಾರೂ ಹೇಳಿಕೊಟ್ಟಿಲ್ಲ. ತಪ್ಪು ಮಾಡಿ ತಲೆ ತಗ್ಗಿಸಿ ನಿಂತ ಮಗುವಿಗೆ ಕಾಣುವುದೂ ಚಪ್ಪಲಿಯೇ.

ಏಳನೆಯದು: ಒಳ್ಳೆಯ ಮಗು ಬೇಡ

ಮುಗ್ಧತೆ ಅಂದರೆ ಒಳ್ಳೆಯತನ ಅಲ್ಲ. ಮಕ್ಕಳು ಸುಳ್ಳು ಹೇಳುತ್ತವೆ, ಹೊಟ್ಟೆಕಿಚ್ಚು ಪಡುತ್ತವೆ, ಇರುವೆಗೆ ಬಿಸಿನೀರು ಹೊಯ್ಯುತ್ತವೆ. ಪ್ರೇಮಚಂದರ 'ಬಡೇ ಭಾಯಿ ಸಾಹಬ್' ಕತೆ ಹೇಳುವವನು ಒಂಬತ್ತರ ತಮ್ಮ. ಅಣ್ಣ ಅವನಿಗಿಂತ ಐದು ವರ್ಷ ದೊಡ್ಡವನು. ಹಗಲೂ ರಾತ್ರಿ ಓದಿ ಫೇಲಾಗುತ್ತಾನೆ, ಆಡಿಕೊಂಡಿದ್ದ ತಮ್ಮ ಪಾಸಾಗುತ್ತಾನೆ. ತಮ್ಮನಿಗೆ ಸೊಕ್ಕು ಏರುತ್ತೆ, ಅದನ್ನು ಅವನು ಮುಚ್ಚಿಡುವುದೂ ಇಲ್ಲ. ಆ ಸೊಕ್ಕಿನಿಂದಲೇ ಅಣ್ಣನ ಮೇಲೆ ನಮಗೆ ಮರುಕ ಹುಟ್ಟುತ್ತೆ. ತಮ್ಮ ಮರುಗುವುದೂ ಉಂಟು, ಆದರೆ ಬರೀ 'ಪಾಪ ಅಣ್ಣ' ಅಂತಲೇ ಮರುಗುತ್ತಿದ್ದರೆ ನಮಗೆ ಮಾಡಲು ಕೆಲಸವೇ ಉಳಿಯುತ್ತಿರಲಿಲ್ಲ.

ಸುಮಾಳಿಗೂ ಒಂದು ಕೆಟ್ಟ ಕೆಲಸ ಇರಲಿ. ಬಾಬಿನ್ನು ಪಕ್ಕದ ಮನೆಯ ಹುಡುಗಿ ಕದ್ದಳು ಅಂತ ಅವಳು ಹೇಳಲಿ. ಆ ಹುಡುಗಿಗೆ ಏಟು ಬೀಳಲಿ. ಸುಮಾ ಕಿಟಕಿಯಿಂದ ಏಟು ಎಣಿಸಲಿ.

ಭಾವನೆಯ ಹೆಸರನ್ನೂ ಬಿಡಿ. ದುಃಖ, ಅವಮಾನ, ಅಪರಾಧಿ ಭಾವ ಇವೆಲ್ಲ ದೊಡ್ಡವರು ಹಚ್ಚಿದ ಚೀಟಿಗಳು. ಮಗುವಿಗೆ ಇದೆಲ್ಲ ಮೈಯಲ್ಲಿ ಆಗುತ್ತೆ. ಹೊಟ್ಟೆ ನೋವು, ಒಂದಕ್ಕೆ ಅವಸರ, ಕಿವಿ ಬಿಸಿ. ಅಮೆರಿಕದ ಲೇಖಕಿ ಟೋನಿ ಕೇಡ್ ಬಂಬಾರಾ ಅವರ 1972ರ 'ದಿ ಲೆಸನ್' ಕತೆಯಲ್ಲಿ ಹಾರ್ಲೆಮ್‌ನ ಬಡ ಮಕ್ಕಳನ್ನು ನ್ಯೂಯಾರ್ಕಿನ ದುಬಾರಿ ಆಟಿಕೆ ಅಂಗಡಿಗೆ ಕರೆದೊಯ್ಯುತ್ತಾರೆ. ಅಲ್ಲಿ ಒಂದು ಆಟಿಕೆ ಹಡಗಿನ ಬೆಲೆ 1,195 ಡಾಲರ್. ಕತೆ ಹೇಳುವ ಸಿಲ್ವಿಯಾ ಒರಟು ಹುಡುಗಿ. ಅನ್ಯಾಯ ಅಂತ ಅವಳು ಭಾಷಣ ಮಾಡುವುದಿಲ್ಲ. ಎದೆಯಲ್ಲಿ ಏನೋ ವಿಚಿತ್ರ ಆಗುತ್ತಿದೆ ಅನ್ನುತ್ತಾಳೆ, ಅಷ್ಟೇ. ಟ್ಯಾಕ್ಸಿಗೆ ಕೊಟ್ಟು ಉಳಿದ ಚಿಲ್ಲರೆಯನ್ನೂ ವಾಪಸ್ ಕೊಡುವುದಿಲ್ಲ.

ಎಂಟನೆಯದು: ಮುಗಿಸುವಾಗ ದೊಡ್ಡವಳನ್ನಾಗಿ ಮಾಡಬೇಡಿ

ಕೊನೆಯ ಪುಟಕ್ಕೆ ಬಂದಾಗ ನಮಗೆ ಭಯ ಶುರುವಾಗುತ್ತೆ. ಓದುವವರಿಗೆ ಗೊತ್ತಾಯಿತೋ ಇಲ್ಲವೋ? ಆಗ ಮಗುವಿನ ಬಾಯಲ್ಲಿ ಬುದ್ಧಿಮಾತು ಹಾಕುತ್ತೇವೆ. "ಆ ದಿನ ನಾನು ಬಡತನ ಎಂದರೇನೆಂದು ಕಲಿತೆ." ಏಳು ವರ್ಷದವಳು ಏಳು ಪುಟದಲ್ಲಿ ಇಷ್ಟು ಬೆಳೆಯುವುದಿಲ್ಲ.

ಅವಳ ಕೆಲಸವನ್ನು ಮುಗಿಸಿ, ಕತೆ ತಾನೇ ಮುಗಿಯುತ್ತೆ. ಸುಮಾಳ ಕೆಲಸ ಏನಿತ್ತು? ಬಾಬಿನ್ನು ವಾಪಸ್ ಕೊಡುವುದು. ಹಾಗಾದರೆ ಕೊಡಲಿ.

"ಅಮ್ಮ ಬಾಬಿನ್ನು ತಿರುಗಿಸಿ ನೋಡಿದಳು. ಆಮೇಲೆ ಅದರ ದಾರ ಬಿಚ್ಚಿ ಸೂಜಿಗೆ ಪೋಣಿಸಿ ಅಪ್ಪಾಜಿಯ ಅಂಗಿಗೆ ಗುಂಡಿ ಹಚ್ಚಿದಳು. ಅಂಗಿ ಬಿಳಿ, ದಾರ ನೀಲಿ. ಅಮ್ಮ ಯಾವತ್ತೂ ಹಂಗೆ ಮಾಡೋದಿಲ್ಲ. ಹೊಡೀತಾಳೆ ಅಂತ ನಾನು ಕಾಯ್ತಾ ಇದ್ದೆ. ಹೊಡೀಲಿಲ್ಲ. ಅದಕ್ಕೇ ನಂಗೆ ಭಯ ಆಯ್ತು."

ಸುಮಾಳಿಗೆ ಈಗಲೂ ಮಿಷಿನ್ನು ಯಾಕೆ ಹೋಯಿತು ಅಂತ ಗೊತ್ತಿಲ್ಲ. ಏನೋ ಬದಲಾಗಿದೆ ಅಂತ ಮಾತ್ರ ಗೊತ್ತು. ಅಲ್ಲಿಗೆ ಪೆನ್ನು ಎತ್ತಿ.

ಒಂಬತ್ತನೆಯದು: ಪೆನ್ಸಿಲ್ ಹಿಡಿದು ಓದಿ

ಒಂದು ವಾರ ಕರಡನ್ನು ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ಗುರುತು ಹಾಕಿ, ಸಾಮಾನ್ಯವಾಗಿ ಅಲ್ಲಿ ನೀವೇ ಮಾತಾಡುತ್ತಿರುತ್ತೀರಿ.

'ಅರ್ಥವಾಗಲಿಲ್ಲ', 'ಗೊತ್ತಾಗಲಿಲ್ಲ', 'ಯಾಕೋ' ಈ ಮೂರು ಎಷ್ಟು ಸಲ ಬಂದಿವೆ ಎಣಿಸಿ. ಮಗುವಿಗೆ ಅರ್ಥವಾಗದೆ ಇರುವುದು ಅಪರೂಪ. ಅದು ಖಾಲಿ ಜಾಗ ಬಿಡುವುದಿಲ್ಲ, ತನ್ನದೇ ಒಂದು ಅರ್ಥ ತುಂಬಿಕೊಳ್ಳುತ್ತೆ. ಪ್ರತಿ 'ಅರ್ಥವಾಗಲಿಲ್ಲ' ಹೊಡೆದು ಆ ಜಾಗದಲ್ಲಿ ಅದು ಅಂದುಕೊಂಡದ್ದನ್ನು ಬರೆಯಿರಿ. ಇದೊಂದೇ ತಿದ್ದುಪಡಿಯಿಂದ ಕತೆಗೆ ಜೀವ ಬರುವುದನ್ನು ನೀವೇ ನೋಡುತ್ತೀರಿ.

ವಾಕ್ಯಗಳ ಉದ್ದವನ್ನೂ ನೋಡಿ. ಎಲ್ಲ ಚಿಕ್ಕದಾಗಿದ್ದರೆ ಅದೂ ಸುಳ್ಳು. ಮಗು ಉತ್ಸಾಹದಲ್ಲಿದ್ದಾಗ ಆಮೇಲೆ, ಆಮೇಲೆ ಅಂತ ಉಸಿರು ಬಿಡದೆ ಹೇಳುತ್ತೆ. ಹೆದರಿದಾಗ ತುಂಡು ಮಾಡುತ್ತೆ.

ಕೊನೆಗೆ, ನಿಮಗೆ ಗೊತ್ತಿರುವ ಎಂಟು ಒಂಬತ್ತರ ಮಗು ಇದ್ದರೆ ಒಂದೆರಡು ಪುಟ ಓದಿ ಹೇಳಿ. ಕತೆ ಇಷ್ಟವಾಯಿತಾ ಅಂತ ಕೇಳಬೇಡಿ, ನಿಮ್ಮ ಮುಖ ನೋಡಿ ಹೂಂ ಅಂದುಬಿಡುತ್ತೆ. "ಈ ಹುಡುಗಿ ಯಾವ ಕ್ಲಾಸು ಇರಬಹುದು?" ಅಂತ ಕೇಳಿ. 'ಎರಡನೇ ಕ್ಲಾಸು' ಅಂದರೆ ಕರಡನ್ನು ಕಳಿಸಲು ತಯಾರು ಮಾಡಿ. 'ಅವಳು ಟೀಚರ್ರಾ?' ಅಂತ ತಿರುಗಿ ಕೇಳಿದರೆ ಎರಡನೆಯ ಹೆಜ್ಜೆಗೆ ವಾಪಸ್ ಹೋಗಿ.